ಬೆಕ್ಕು, ಮಗು ಮತ್ತು ಹುಳುಕಡ್ಡಿ: ಪರೀಕ್ಷೆ ಮೊದಲು, ಮುಲಾಮು ಆಮೇಲೆ

ಬಿಳಿಗೆರೆಯ ಕಡೆಯ ತೋಟದ ಮನೆಗಳಲ್ಲಿ ಬೆಕ್ಕಿಗೂ ಒಂದು ಕೆಲಸವಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುವುದು ವಾಡಿಕೆ. ಕಾಯಿ ಇದ್ದಲ್ಲಿ ಇಲಿ ಬರುತ್ತದೆ, ಇಲಿ ಬಂದಲ್ಲಿ ಬೆಕ್ಕು ಬೇಕಾಗುತ್ತದೆ. ರಾತ್ರಿಯೆಲ್ಲ ಅಟ್ಟ ಕಾಯುವ ಬೆಕ್ಕು ಬೆಳಗಿನ ಜಾವ ಕೆಳಗಿಳಿದು ಮಕ್ಕಳ ಕಂಬಳಿಯೊಳಗೆ ಸೇರಿಕೊಳ್ಳುತ್ತದೆ. ಅದು ಮರಿ ಹಾಕಿದರಂತೂ ಮಕ್ಕಳಿಗೆ ಶಾಲೆಯಿಂದ ಬಂದೊಡನೆ ಮರಿಗಳನ್ನು ಎತ್ತಿ ಆಡಿಸುವುದೇ ಕೆಲಸ.

ಇಂಥ ಮನೆಯಲ್ಲಿ ಮಗುವಿನ ಕೆನ್ನೆಯ ಮೇಲೋ ತೋಳಿನ ಮೇಲೋ ಉಂಗುರದಂಥ ಕೆಂಪು ಕಲೆ ಎದ್ದಿತು ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಆಗುವುದೇನು? ಅಜ್ಜಿ ‘ಇದು ಹುಳುಕಡ್ಡಿ’ ಎಂದು ಕರಟದ ಎಣ್ಣೆ ಹಚ್ಚುತ್ತಾರೆ. ಅದಕ್ಕೆ ಬಗ್ಗದಿದ್ದರೆ ಅಪ್ಪ ಪೇಟೆಯ ಔಷಧಿ ಅಂಗಡಿಯಲ್ಲಿ ‘ತುರಿಕೆಗೆ ಒಂದು ಟ್ಯೂಬು ಕೊಡಿ’ ಎಂದು ಕೇಳಿ ತರುತ್ತಾರೆ. ತಿಂಗಳಾದರೂ ಕಲೆ ಹೋಗಲಿಲ್ಲವೆಂದರೆ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುತ್ತಾರೆ. ಈ ಮೂರೂ ಕೆಲಸಗಳಲ್ಲಿ ಒಂದೇ ಕೊರತೆಯಿದೆ. ರೋಗ ಯಾವುದೆಂದು ಇದುವರೆಗೆ ಯಾರೂ ಪರೀಕ್ಷಿಸಿಲ್ಲ.

ಬೆಕ್ಕಿಗೂ ಮನುಷ್ಯರಿಗೂ ನಡುವೆ ಹರಡುವ ಚರ್ಮದ ಶಿಲೀಂಧ್ರ ರೋಗವನ್ನು ಖಚಿತವಾಗಿ ಗುರುತಿಸುವುದು ಹೇಗೆ, ಗುರುತಿಸದೆ ಮದ್ದು ಮಾಡಿದರೆ ಏನಾಗುತ್ತದೆ ಎಂಬುದನ್ನು ಈ ವಾರ ತಿಳಿದುಕೊಳ್ಳೋಣ.

ಹುಳುವಿಲ್ಲದ ಹುಳುಕಡ್ಡಿ

ಹುಳುಕಡ್ಡಿ, ಗಜಕರ್ಣ ಎಂದೆಲ್ಲ ಕರೆಯುವ ಈ ರೋಗದ ಹೆಸರಿನಲ್ಲಿ ಹುಳುವಿದೆ, ರೋಗದಲ್ಲಿ ಹುಳುವಿಲ್ಲ. ಇದಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು. ಚರ್ಮದ ಮೇಲ್ಪದರ, ಕೂದಲು ಮತ್ತು ಉಗುರುಗಳಲ್ಲಿ ಕೆರಾಟಿನ್ ಎಂಬ ಗಟ್ಟಿ ಪದಾರ್ಥವಿರುತ್ತದೆ. ಅದೇ ಈ ಶಿಲೀಂಧ್ರದ ಆಹಾರ. ಅದು ಚರ್ಮದ ಮೇಲೆ ಬಿದ್ದ ಜಾಗದಿಂದ ಸುತ್ತಲೂ ಹರಡುತ್ತ ಹೋಗುತ್ತದೆ. ನಡುವಿನ ಭಾಗ ಮಾಯುತ್ತ ಬರುತ್ತದೆ, ಅಂಚು ಮಾತ್ರ ಕೆಂಪಾಗಿ ಉಬ್ಬಿರುತ್ತದೆ. ಉಂಗುರದ ಆಕಾರ ಬರುವುದು ಹೀಗೆ.

ಇಲ್ಲಿ ಒಂದು ಅನುಮಾನ ಬರಬಹುದು. ಮಳೆಗಾಲದಲ್ಲಿ ಕೊಬ್ಬರಿಯ ಮೇಲೆ ಹಸಿರು, ಕಪ್ಪು ಬೂಷ್ಟು ಕಟ್ಟುತ್ತದಲ್ಲ, ಅದರಿಂದಲೂ ಹುಳುಕಡ್ಡಿ ಬರುತ್ತದೆಯೇ? ಬರುವುದಿಲ್ಲ. ಅದು ಬೇರೆ ಕುಲದ ಶಿಲೀಂಧ್ರ; ಅದಕ್ಕೆ ಬೇಕಾದದ್ದು ಕೊಬ್ಬರಿ, ನಿಮ್ಮ ಚರ್ಮವಲ್ಲ. ಬೂಷ್ಟು ಹಿಡಿದ ಕೊಬ್ಬರಿಯನ್ನು ತಿನ್ನಬಾರದು, ಆ ಮಾತು ಬೇರೆ. ಆದರೆ ಅದನ್ನು ಮುಟ್ಟಿದ್ದಕ್ಕೆ ಹುಳುಕಡ್ಡಿ ಬಂತೆಂದು ತಿಳಿಯಬೇಕಾಗಿಲ್ಲ.

ಶಿಲೀಂಧ್ರದಿಂದ ಮನುಷ್ಯರಿಗೆ ರೋಗ ಬರುತ್ತದೆಂಬುದು 1840ರ ಆಸುಪಾಸಿನಲ್ಲಿ ಸ್ಪಷ್ಟವಾಯಿತು. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಡೇವಿಡ್ ಗ್ರೂಬಿ ಎಂಬ ವೈದ್ಯ ರೋಗಿಯ ತಲೆಯ ಹೊಟ್ಟನ್ನೂ ಕೂದಲನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ಅದರಲ್ಲಿದ್ದ ಶಿಲೀಂಧ್ರವನ್ನು ವರ್ಣಿಸಿದ. ಅದೇ ನಗರದ ರೇಮಂಡ್ ಸಬೂರೊ ಎಂಬ ಚರ್ಮವೈದ್ಯ ಇಂಥ ಶಿಲೀಂಧ್ರಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಒಂದರಿಂದ ಒಂದನ್ನು ಬೇರ್ಪಡಿಸಿ, 1910ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಅವನ ಹೆಸರಿನ ಪೋಷಕ ದ್ರವ್ಯವನ್ನು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬಳಸುತ್ತಾರೆ. ಅಂದರೆ ಸೂಕ್ಷ್ಮದರ್ಶಕದಡಿ ನೋಡಿ ಈ ರೋಗವನ್ನು ಹೇಳುವ ವಿದ್ಯೆಗೆ ಈಗ ಸುಮಾರು 180 ವರ್ಷ ವಯಸ್ಸು. ಆದರೂ ನಾವು ಕಣ್ಣಂದಾಜಿನಲ್ಲೇ ಟ್ಯೂಬು ಹಚ್ಚುತ್ತಿದ್ದೇವೆ.

ಬೆಕ್ಕಿನಿಂದ ಬರುವುದು ಹೇಗೆ?

ಬೆಕ್ಕುಗಳಲ್ಲಿ ಹುಳುಕಡ್ಡಿಗೆ ಮುಖ್ಯ ಕಾರಣ ಮೈಕ್ರೋಸ್ಪೋರಂ ಕೇನಿಸ್ ಎಂಬ ಶಿಲೀಂಧ್ರ. ‘ಕೇನಿಸ್’ ಎಂದರೆ ನಾಯಿಯದು ಎಂದರ್ಥ. ಹೆಸರು ನಾಯಿಯದಾದರೂ ಇದರ ನಿಜವಾದ ಬೀಡು ಬೆಕ್ಕಿನ ಮೈ. ಇದಲ್ಲದೆ ಟ್ರೈಕೋಫೈಟಾನ್ ಮೆಂಟಾಗ್ರೊಫೈಟಿಸ್ ಎಂಬ ಇನ್ನೊಂದು ಶಿಲೀಂಧ್ರ ಇಲಿ, ಹೆಗ್ಗಣಗಳ ಮೈಮೇಲೆ ಇರುತ್ತದೆ. ಇಲಿ ಹಿಡಿಯುವ ಬೆಕ್ಕಿಗೆ ಅದು ಅಂಟಬಹುದು. ಮಣ್ಣಿನಲ್ಲೇ ಬದುಕುವ ಮತ್ತೊಂದು ಬಗೆ ಮಣ್ಣು ಕೆದಕುವ ಬೆಕ್ಕಿನ ಮೂತಿಗೂ ಕಾಲಿಗೂ ಹತ್ತಬಹುದು.

ಸೋಂಕು ತಗುಲಿದ ಬೆಕ್ಕಿನ ಕೂದಲು ತುಂಡಾಗಿ ಉದುರುತ್ತದೆ. ಒಂದೊಂದು ತುಂಡಿಗೂ ಅಸಂಖ್ಯಾತ ಬೀಜಕಣಗಳು ಅಂಟಿಕೊಂಡಿರುತ್ತವೆ. ಬೆಕ್ಕು ಮಲಗಿದ ಗೋಣಿಚೀಲ, ಕಂಬಳಿ, ಬುಟ್ಟಿ, ಅಟ್ಟದ ಮೂಲೆ ಎಲ್ಲೆಡೆ ಅವು ಬೀಳುತ್ತವೆ. ಅನುಕೂಲ ಸಿಕ್ಕರೆ ಒಂದು ವರ್ಷಕ್ಕೂ ಮೀರಿ ಜೀವ ಹಿಡಿದಿರುತ್ತವೆ. ಆದ್ದರಿಂದ ಬೆಕ್ಕನ್ನು ಮುಟ್ಟದವರಿಗೂ ಅದು ಮಲಗಿದ ಹಾಸಿಗೆಯಿಂದ ರೋಗ ಬರಬಹುದು. ಬೆಕ್ಕನ್ನು ಊರಾಚೆ ಬಿಟ್ಟು ಬಂದರೂ ಬೀಜಕಣಗಳು ಮನೆಯಲ್ಲೇ ಉಳಿದಿರುತ್ತವೆ ಎಂಬುದನ್ನು ನೆನಪಿಡಿ.

ಬೀಜಕಣ ಚರ್ಮಕ್ಕೆ ತಗುಲಿದ ಒಂದೆರಡು ವಾರಗಳಲ್ಲಿ ಕಲೆ ಕಾಣಿಸಿಕೊಳ್ಳುತ್ತದೆ. ಬೆಕ್ಕನ್ನು ಅಪ್ಪಿಕೊಳ್ಳುವ ಜಾಗಗಳಾದ ಮುಖ, ಕುತ್ತಿಗೆ, ಎದೆ ಹಾಗೂ ಮುಂದೋಳುಗಳಲ್ಲಿ ಇದು ಹೆಚ್ಚು. ಒಂದೇ ಸಮನೆ ಹಲವು ಸಣ್ಣ ಉಂಗುರಗಳು ಏಳುವುದೂ ಉಂಟು.

ಮಕ್ಕಳ ತಲೆಗೆ ಹತ್ತಿದರೆ ವಿಷಯ ಗಂಭೀರ. ತಲೆಯ ಒಂದು ಭಾಗದಲ್ಲಿ ಬೂದಿಯಂಥ ಹೊಟ್ಟು ಕಾಣುತ್ತದೆ, ಅಲ್ಲಿನ ಕೂದಲು ಬುಡದ ಹತ್ತಿರವೇ ಮುರಿದಿರುತ್ತದೆ. ಕೆಲವು ಮಕ್ಕಳಲ್ಲಿ ಅದು ಕೀವು ತುಂಬಿದ ಮೆತ್ತನೆಯ ಗಡ್ಡೆಯಾಗಿ ಊದಿಕೊಳ್ಳುತ್ತದೆ. ಕೀವುಗಡ್ಡೆಯೆಂದು ಭಾವಿಸಿ ಅದನ್ನು ಕೊಯ್ಸುವವರಿದ್ದಾರೆ. ಸಕಾಲದಲ್ಲಿ ಶಿಲೀಂಧ್ರಕ್ಕೆ ಚಿಕಿತ್ಸೆ ಸಿಗದಿದ್ದರೆ ಆ ಜಾಗದಲ್ಲಿ ಕೂದಲಿನ ಬೇರುಗಳೇ ಸುಟ್ಟಂತಾಗಿ ಮತ್ತೆ ಕೂದಲು ಹುಟ್ಟದಿರಬಹುದು. ಕೆಲವು ವಾರಗಳ ಉದಾಸೀನಕ್ಕೆ ಮಗು ಜೀವನವಿಡೀ ಬೆಲೆ ತೆರಬೇಕಾಗುತ್ತದೆ.

ಉಂಗುರವೆಲ್ಲ ಹುಳುಕಡ್ಡಿಯಲ್ಲ

ಚರ್ಮದ ಮೇಲೆ ದುಂಡಗಿನ ಕಲೆ ಮಾಡುವ ರೋಗಗಳು ಹತ್ತಾರಿವೆ. ನಾಣ್ಯದಂಥ ಇಸುಬು ಹುಳುಕಡ್ಡಿಯಂತೆಯೇ ತುರಿಸುತ್ತದೆ. ಆದರೆ ಅದರ ನಡುಭಾಗ ಮಾಯುವುದಿಲ್ಲ, ಇಡೀ ಕಲೆ ಒಂದೇ ಸಮನಾಗಿ ಒರಟಾಗಿರುತ್ತದೆ. ಸೋರಿಯಾಸಿಸ್‌ನಲ್ಲಿ ಬೆಳ್ಳಿಯಂಥ ಹೊಟ್ಟು ಪದರಪದರವಾಗಿ ಏಳುತ್ತದೆ. ಎದೆ ಬೆನ್ನುಗಳ ಮೇಲೆ ಬೆಳ್ಳಗೆ ಕಾಣುವ ಚಿಬ್ಬು ಕೂಡ ಶಿಲೀಂಧ್ರದ್ದೇ, ಆದರೆ ಅದು ನಮ್ಮದೇ ಚರ್ಮದ ಮೇಲಿರುವ ಯೀಸ್ಟ್‌ನಿಂದ ಬರುವಂಥದು. ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ತಲೆಯಲ್ಲಿ ‘ಹುಳ ತಿಂದಿದೆ’ ಎನ್ನುತ್ತಾರಲ್ಲ, ಆ ಬೋಳು ಜಾಗ ನುಣುಪಾಗಿದ್ದು ಹೊಟ್ಟಿಲ್ಲದಿದ್ದರೆ ಅದು ಸಾಮಾನ್ಯವಾಗಿ ಶಿಲೀಂಧ್ರದಿಂದ ಆದುದಲ್ಲ. ಹೊಟ್ಟೂ ಮುರಿದ ಕೂದಲೂ ಇದ್ದರೆ ಶಿಲೀಂಧ್ರದ ಅನುಮಾನ ಬಲವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕಲೆಯಲ್ಲಿ ತುರಿಕೆ ಇಲ್ಲ, ಮುಟ್ಟಿದರೆ ಸ್ಪರ್ಶವೇ ತಿಳಿಯುತ್ತಿಲ್ಲ, ಬಿಸಿ ತಣ್ಣನೆ ಗೊತ್ತಾಗುತ್ತಿಲ್ಲ ಎಂದಾದರೆ ಕುಷ್ಠರೋಗದ ಪರೀಕ್ಷೆಯಾಗಲೇಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾತ್ರೆ ಸಿಗುತ್ತದೆ, ಬೇಗ ಹಿಡಿದರೆ ಅಂಗವೈಕಲ್ಯವಿಲ್ಲದೆ ಗುಣವಾಗುತ್ತದೆ. ಅದನ್ನು ಹುಳುಕಡ್ಡಿಯೆಂದು ತಿಳಿದು ವರ್ಷಗಟ್ಟಲೆ ಮುಲಾಮು ಹಚ್ಚುತ್ತಾ ಕುಳಿತರೆ ನರಗಳು ಹಾಳಾಗುತ್ತವೆ.

ಟ್ಯೂಬು ಮಾಡುವ ಅನಾಹುತ

ಔಷಧಿ ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಮುಲಾಮುಗಳಲ್ಲಿ ಮೂರು ಬಗೆಯ ಮದ್ದು ಒಟ್ಟಿಗಿರುತ್ತವೆ: ಶಿಲೀಂಧ್ರಕ್ಕೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಸ್ಟಿರಾಯ್ಡ್. ಸ್ಟಿರಾಯ್ಡ್ ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ‘ಟ್ಯೂಬು ಚೆನ್ನಾಗಿದೆ’ ಎನ್ನಿಸುತ್ತದೆ. ನಿಜಕ್ಕೂ ಆದದ್ದೇನೆಂದರೆ, ಶಿಲೀಂಧ್ರದ ಮೇಲೆ ಹೋರಾಡುತ್ತಿದ್ದ ಚರ್ಮದ ಕಾವಲನ್ನೇ ಸ್ಟಿರಾಯ್ಡ್ ಮಲಗಿಸಿದೆ. ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಮುಲಾಮು ನಿಲ್ಲಿಸಿದೊಡನೆ ಮೊದಲಿಗಿಂತ ಎರಡರಷ್ಟು ಜಾಗದಲ್ಲಿ ಏಳುತ್ತದೆ. ದಿನ ಕಳೆದಂತೆ ಉಂಗುರದ ಆಕಾರವೇ ಕಳೆದುಹೋಗಿ, ಅನುಭವಿ ವೈದ್ಯರಿಗೂ ಕಣ್ಣಿನಿಂದ ಗುರುತಿಸುವುದು ಕಷ್ಟವಾಗುತ್ತದೆ. ವೇಷ ಮರೆಸಿಕೊಂಡ ಇಂಥ ಹುಳುಕಡ್ಡಿಯನ್ನು ಇಂಗ್ಲೆಂಡಿನ ವೈದ್ಯರು 1968ರಲ್ಲೇ ಹೆಸರಿಟ್ಟು ವಿವರಿಸಿದ್ದರು.

ನಮ್ಮ ದೇಶದಲ್ಲಿ ಈ ದುರ್ಬಳಕೆ ಮಿತಿಮೀರಿದಾಗ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಮನೆಯಲ್ಲಿ ಹಳೆಯ ಟ್ಯೂಬು ಇದ್ದರೆ ಅದರ ಮೇಲೆ ಬರೆದುದನ್ನು ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಅದು ಸ್ಟಿರಾಯ್ಡ್. ಹುಳುಕಡ್ಡಿಯ ಅನುಮಾನವಿರುವ ಕಲೆಗೆ ಅದನ್ನು ಮುಟ್ಟಿಸಬೇಡಿ.

ಕರಟದ ಎಣ್ಣೆಯೂ ನಿರುಪದ್ರವಿಯಲ್ಲ. ಕರಟ ಸುಟ್ಟಾಗ ಇಳಿಯುವ ಆ ಎಣ್ಣೆಯಲ್ಲಿ ಫೀನಾಲ್ ಜಾತಿಯ ಪದಾರ್ಥಗಳಿವೆ. ಮಕ್ಕಳ ಎಳೆಯ ಚರ್ಮವನ್ನು ಅದು ಸುಡುತ್ತದೆ. ಸುಟ್ಟ ಗಾಯದ ಕೆಳಗೆ ರೋಗ ಯಾವುದಿತ್ತೆಂದು ಹೇಳುವುದು ಇನ್ನೂ ಕಷ್ಟ.

ಪತ್ತೆ ಹಚ್ಚುವುದು ಹೇಗೆ?

ಒಳ್ಳೆಯ ವೈದ್ಯರು ಮೊದಲು ಪ್ರಶ್ನೆ ಕೇಳುತ್ತಾರೆ. ಕಲೆ ಯಾವಾಗ ಎದ್ದಿತು? ಮನೆಯಲ್ಲಿ ಬೇರೆ ಯಾರಿಗೆ ತುರಿಕೆಯಿದೆ? ಬೆಕ್ಕು, ನಾಯಿ, ಮೊಲ, ಕರು ಇವೆಯೇ? ಅವುಗಳ ಕೂದಲು ಉದುರುತ್ತಿದೆಯೇ? ಇದುವರೆಗೆ ಏನೇನು ಹಚ್ಚಿದ್ದೀರಿ? ಈ ಕೊನೆಯ ಪ್ರಶ್ನೆಗೆ ಸಂಕೋಚವಿಲ್ಲದೆ ನಿಜ ಹೇಳಿ. ಹಚ್ಚಿದ ಟ್ಯೂಬನ್ನು ಜೊತೆಗೇ ಒಯ್ಯಿರಿ.

ಅನಂತರ ಮಾಡಬೇಕಾದ್ದು ಪೊಟ್ಯಾಷ್ ಪರೀಕ್ಷೆ. ಕಲೆಯನ್ನು ಸ್ಪಿರಿಟ್‌ನಿಂದ ಒರೆಸಿ, ಅದರ ಉಬ್ಬಿದ ಅಂಚಿನಿಂದ ಮೊಂಡು ಅಲಗಿನಲ್ಲಿ ಮೆಲ್ಲಗೆ ಹೊಟ್ಟನ್ನು ಕೆರೆದು ಗಾಜಿನ ಪಟ್ಟಿಯ ಮೇಲೆ ಇಡುತ್ತಾರೆ. ನೋವಾಗುವುದಿಲ್ಲ, ರಕ್ತವೂ ಬರುವುದಿಲ್ಲ. ತಲೆಯದಾದರೆ ಮುರಿದ ನಾಲ್ಕಾರು ಕೂದಲನ್ನು ಚಿಮುಟದಿಂದ ಕೀಳುತ್ತಾರೆ. ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿ ಸ್ವಲ್ಪ ಹೊತ್ತು ಬಿಡುತ್ತಾರೆ. ಈ ದ್ರಾವಣ ಚರ್ಮದ ಕೆರಾಟಿನ್ನನ್ನು ಕರಗಿಸುತ್ತದೆ, ಶಿಲೀಂಧ್ರವನ್ನು ಕರಗಿಸುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಎಳೆಗಳು, ಕೂದಲ ಸುತ್ತ ಮುತ್ತಿದ ಸಣ್ಣ ಮಣಿಗಳಂಥ ಬೀಜಕಣಗಳು ಎದ್ದು ಕಾಣುತ್ತವೆ. ಸೂಕ್ಷ್ಮದರ್ಶಕ ಮತ್ತು ನುರಿತ ಕಣ್ಣು ಇದ್ದಲ್ಲಿ ಅರ್ಧ ಗಂಟೆಯ ಕೆಲಸ, ಖರ್ಚೂ ಕಡಿಮೆ.

ಈ ಪರೀಕ್ಷೆ ‘ಶಿಲೀಂಧ್ರ ಇದೆ’ ಎಂದರೆ ನಂಬಬಹುದು. ‘ಕಾಣಲಿಲ್ಲ’ ಎಂದರೆ ಇಲ್ಲವೇ ಇಲ್ಲ ಎಂದರ್ಥವಲ್ಲ. ಹೊಟ್ಟು ಕಡಿಮೆ ಸಿಕ್ಕಿರಬಹುದು ಅಥವಾ ಅದಾಗಲೇ ಮದ್ದು ಹಚ್ಚಿರಬಹುದು. ಅನುಮಾನ ಉಳಿದರೆ ಮತ್ತೊಮ್ಮೆ ಮಾಡಿಸಬೇಕು.

ಎರಡನೆಯದು ವುಡ್ಸ್ ದೀಪದ ಪರೀಕ್ಷೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ರೂಪಿಸಿದ ಶೋಧಕ ಗಾಜನ್ನು 1925ರಲ್ಲಿ ಫ್ರಾನ್ಸಿನ ವೈದ್ಯರು ಹುಳುಕಡ್ಡಿ ಪತ್ತೆಗೆ ಬಳಸಿದರು. ಕತ್ತಲೆ ಕೋಣೆಯಲ್ಲಿ ಈ ಅತಿನೇರಳೆ ದೀಪ ಹಿಡಿದರೆ ಮೈಕ್ರೋಸ್ಪೋರಂ ಕೇನಿಸ್ ಹತ್ತಿದ ಕೂದಲು ಎಳೆಹಸಿರಾಗಿ ಹೊಳೆಯುತ್ತದೆ. ಆದರೆ ಈ ಶಿಲೀಂಧ್ರದ ಎಲ್ಲ ತಳಿಗಳೂ ಹೊಳೆಯುವುದಿಲ್ಲ. ಇಲಿಯಿಂದ ಬರುವ ಟ್ರೈಕೋಫೈಟಾನ್ ಹೊಳೆಯುವುದೇ ಇಲ್ಲ. ಇನ್ನೊಂದೆಡೆ ಮುಲಾಮು, ಬಟ್ಟೆಯ ನೂಲು, ಸಾದಾ ಹೊಟ್ಟು ನೀಲಿಬಿಳುಪಾಗಿ ಹೊಳೆದು ಮೋಸ ಮಾಡುತ್ತವೆ. ಆದ್ದರಿಂದ ದೀಪ ಎಲ್ಲಿ ಕೂದಲು ಕೀಳಬೇಕೆಂದು ತೋರಿಸುತ್ತದೆ, ತೀರ್ಪು ಹೇಳುವುದು ಸೂಕ್ಷ್ಮದರ್ಶಕ.

ಮೂರನೆಯದು ಕಲ್ಚರ್. ಹೊಟ್ಟನ್ನೋ ಕೂದಲನ್ನೋ ಸಬೂರೊ ದ್ರವ್ಯದ ಮೇಲಿಟ್ಟು 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಳೆಸುತ್ತಾರೆ. ಶಿಲೀಂಧ್ರ ನಿಧಾನಿ, ಎರಡರಿಂದ ನಾಲ್ಕು ವಾರ ಕಾಯಬೇಕು. ಮೈಕ್ರೋಸ್ಪೋರಂ ಕೇನಿಸ್ ಬಿಳಿಯ ಹತ್ತಿಯಂತೆ ಬೆಳೆಯುತ್ತದೆ, ಅದರ ತಳ ಗಾಢ ಹಳದಿಯಾಗಿರುತ್ತದೆ. ಅದರ ದೊಡ್ಡ ಬೀಜಕಣ ಕದಿರಿನ ಆಕಾರದ್ದು. ಇಷ್ಟು ಕಷ್ಟಪಟ್ಟು ಜಾತಿ ತಿಳಿಯುವುದೇಕೆ? ಕಾರಣ ಎರಡು. ಯಾವ ಮಾತ್ರೆ ನಾಟುತ್ತದೆಂದು ಅದರಿಂದ ತಿಳಿಯುತ್ತದೆ, ಸೋಂಕು ಎಲ್ಲಿಂದ ಬಂತೆಂದೂ ತಿಳಿಯುತ್ತದೆ. ಪ್ರತಿಯೊಬ್ಬ ರೋಗಿಗೂ ಕಲ್ಚರ್ ಬೇಕಾಗಿಲ್ಲ. ತಲೆಯ ರೋಗ, ಮದ್ದಿಗೆ ಬಗ್ಗದ ರೋಗ, ಮನೆಮಂದಿಗೆಲ್ಲ ಹರಡಿದ ರೋಗ ಇವುಗಳಿಗೆ ಬೇಕು. ವೈದ್ಯಕೀಯ ಕಾಲೇಜುಗಳ ಸೂಕ್ಷ್ಮಜೀವಿ ವಿಭಾಗಗಳಲ್ಲಿ ಇದನ್ನು ಮಾಡುತ್ತಾರೆ. ತೆಂಗಿನ ಸೀಮೆಯವರಿಗೆ ತುಮಕೂರು, ಹಾಸನ ಎರಡೂ ಹತ್ತಿರವೇ.

ಪರೀಕ್ಷೆಗೆ ಹೋಗುವ ಮುನ್ನ

• ಕಲೆಗೆ ಹಚ್ಚುತ್ತಿರುವ ಎಲ್ಲ ಮುಲಾಮನ್ನೂ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಒಂದೆರಡು ವಾರ ಬಿಡುವು ಬೇಕಾಗುತ್ತದೆ.
• ಆ ದಿನ ಬೆಳಿಗ್ಗೆ ಮಗುವಿನ ತಲೆಗೆ ಎಣ್ಣೆ ಹಚ್ಚಬೇಡಿ, ಕಲೆಗೆ ಪೌಡರ್ ಹಾಕಬೇಡಿ.
• ಹೊಟ್ಟನ್ನು ಉಜ್ಜಿ ತೊಳೆದುಬಿಡಬೇಡಿ. ವೈದ್ಯರಿಗೆ ಬೇಕಾದದ್ದು ಅದೇ.
• ಮನೆಯಲ್ಲಿ ತುರಿಕೆಯಿರುವ ಎಲ್ಲರೂ ಒಟ್ಟಿಗೇ ಹೋಗಿ.

ಬೆಕ್ಕಿನ ಪರೀಕ್ಷೆ

ಮಗುವಿಗೆ ಬಂದದ್ದು ಶಿಲೀಂಧ್ರವೇ ಎಂದು ಖಚಿತವಾದ ಮೇಲೆ ಬೆಕ್ಕಿನ ಸರದಿ. ಅದರ ಕಿವಿಯ ಅಂಚು, ಮೂತಿ, ಕಣ್ಣಿನ ಸುತ್ತ, ಮುಂಗಾಲು, ಬಾಲದ ತುದಿ ನೋಡಿ. ಕೂದಲು ಉದುರಿ ಬೂದಿಯಂಥ ಹೊಟ್ಟಿರುವ ದುಂಡಗಿನ ಜಾಗಗಳಿದ್ದರೆ ಅನುಮಾನ ಪಡಬಹುದು. ಬೆಕ್ಕು ತುರಿಸಿಕೊಳ್ಳಲೇಬೇಕೆಂದಿಲ್ಲ. ಮರಿಗಳಲ್ಲಿ, ಬಡಕಲಾದ ಬೆಕ್ಕುಗಳಲ್ಲಿ, ಉದ್ದ ಕೂದಲಿನ ಪರ್ಷಿಯನ್ ತಳಿಯಲ್ಲಿ ಇದು ಹೆಚ್ಚು. ಆದರೆ ಚಿಗಟದ ಕಡಿತ, ಕಜ್ಜಿಹುಳು, ಬೆಕ್ಕುಬೆಕ್ಕುಗಳ ಜಗಳದ ಗಾಯ ಇವುಗಳಿಂದಲೂ ಕೂದಲು ಉದುರುತ್ತದೆ. ಕೆಲವು ಬೆಕ್ಕುಗಳಂತೂ ಮೈಯಲ್ಲಿ ಒಂದು ಕಲೆಯೂ ಇಲ್ಲದೆ ಬೀಜಕಣ ಹೊತ್ತು ತಿರುಗುತ್ತವೆ. ಆದ್ದರಿಂದ ಇಲ್ಲಿಯೂ ಕಣ್ಣಂದಾಜು ಸಾಲದು.

ಪಶುವೈದ್ಯರು ವುಡ್ಸ್ ದೀಪ ಹಿಡಿದು ನೋಡುತ್ತಾರೆ, ಹೊಳೆಯುವ ಕೂದಲನ್ನು ಕಿತ್ತು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಕಲೆ ಕಾಣದ ಬೆಕ್ಕಿಗೆ ಒಂದು ಸುಲಭ ಉಪಾಯವಿದೆ. ಹೊಸ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಮುಖದಿಂದ ಬಾಲದವರೆಗೆ ಎರಡು ಮೂರು ನಿಮಿಷ ಬಾಚುತ್ತಾರೆ. ಕಲೆಯಿದ್ದರೆ ಆ ಜಾಗವನ್ನು ಕೊನೆಯಲ್ಲಿ ಬಾಚುತ್ತಾರೆ. ಕೂದಲು ಸಿಕ್ಕಿಕೊಂಡ ಬ್ರಷ್ಷನ್ನು ಶುಚಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಲ್ಚರ್‌ಗೆ ಕಳಿಸುತ್ತಾರೆ. ಮಕ್ಕಳ ತಲೆಯ ರೋಗ ಪತ್ತೆಗೆ ಬ್ರಷ್ ಬಳಸುವ ಇಂಥ ಕ್ರಮವನ್ನು ಮೆಕೆಂಜಿ ಎಂಬ ವಿಜ್ಞಾನಿ 1963ರಲ್ಲಿ ಪ್ರಕಟಿಸಿದ್ದ. ಅದೇ ಬೆಕ್ಕಿಗೂ ಬಳಕೆಗೆ ಬಂತು. ಊರಿನ ಪಶು ಆಸ್ಪತ್ರೆಯಲ್ಲಿ ಸೌಲಭ್ಯವಿಲ್ಲದಿದ್ದರೆ ಹಾಸನ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಲು ಪಶುವೈದ್ಯರನ್ನೇ ಕೇಳಿಕೊಳ್ಳಿ.

ಬೆಕ್ಕನ್ನು ಹಿಡಿಯುವಾಗ ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ, ಮಕ್ಕಳ ಕೈಗೆ ಕೊಡಬೇಡಿ. ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಹುಳುಕಡ್ಡಿಯ ಮಾತು ಬದಿಗಿಡಿ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ.

ತಪ್ಪು ಬೆಕ್ಕಿನದೇ?

ಇಲ್ಲಿ ಒಂದು ಸತ್ಯ ತಿಳಿಯಬೇಕು. ನಮ್ಮ ದೇಶದಲ್ಲಿ ಇಂದು ಕಾಣುವ ಹುಳುಕಡ್ಡಿಯಲ್ಲಿ ಬಹುಪಾಲು ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದು. ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಕಂಡ, ಟೆರ್ಬಿನಾಫಿನ್ ಎಂಬ ಸಾಮಾನ್ಯ ಮದ್ದಿಗೆ ಬಗ್ಗದ ಒಂದು ಶಿಲೀಂಧ್ರಕ್ಕೆ ಜಪಾನಿನ ವಿಜ್ಞಾನಿಗಳು 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ತೊಡೆಸಂದಿ, ಸೊಂಟ, ಪೃಷ್ಠಗಳಲ್ಲಿ ಅಗಲವಾಗಿ ಹರಡುವ, ವರ್ಷವಾದರೂ ಬಿಡದ ಹುಳುಕಡ್ಡಿಗೆ ಅದು ಕಾರಣವಾಗುತ್ತಿದೆ. ಕಾಯಿ ಸುಲಿಯುವ, ಬಿಸಿಲಿನಲ್ಲಿ ಬೆವರುವ ದೊಡ್ಡವರಿಗೆ ತೊಡೆಸಂದಿಯಲ್ಲಿ ಶುರುವಾಗಿ, ಒಂದೇ ಟವೆಲ್, ಒಂದೇ ಹಾಸಿಗೆಯ ಮೂಲಕ ಮನೆಮಂದಿಗೆಲ್ಲ ಹಬ್ಬುತ್ತದೆ. ಒದ್ದೆಯಾಗಿರುವ ಉಡಿದಾರದಲ್ಲೂ ಅದು ಉಳಿಯುತ್ತದೆ. ಕೊಟ್ಟಿಗೆಯ ಕರುವಿನ ಕಣ್ಣಿನ ಸುತ್ತ ದಪ್ಪ ಬೂದುಬಣ್ಣದ ಹಕ್ಕಳೆ ಕಟ್ಟಿದ್ದರೆ ಅದು ಬೇರೊಂದು ಶಿಲೀಂಧ್ರ, ಅದೂ ಮನುಷ್ಯರಿಗೆ ಹತ್ತುತ್ತದೆ.

ಆದ್ದರಿಂದ ಸ್ಥೂಲವಾಗಿ ಹೀಗೆ ಯೋಚಿಸಿ. ಮಕ್ಕಳ ಮುಖ, ತೋಳು, ತಲೆಯಲ್ಲಿ ಹೊಸದಾಗಿ ಎದ್ದಿದ್ದು, ಮನೆಗೆ ಮರಿಬೆಕ್ಕು ಬಂದು ಕೆಲವು ವಾರವಾಗಿದ್ದರೆ ಬೆಕ್ಕಿನ ಮೇಲೆ ಅನುಮಾನ ಪಡಿ. ದೊಡ್ಡವರ ತೊಡೆಸಂದಿಯಲ್ಲಿ ತಿಂಗಳುಗಳಿಂದ ಇದ್ದು ಆಮೇಲೆ ಮಕ್ಕಳಿಗೆ ಬಂದಿದ್ದರೆ ಬೆಕ್ಕು ಬಹುಶಃ ನಿರಪರಾಧಿ. ಬೆಕ್ಕನ್ನು ಓಡಿಸಿದರೂ ಆ ಮನೆಯ ತುರಿಕೆ ನಿಲ್ಲುವುದಿಲ್ಲ, ಅಟ್ಟದಲ್ಲಿ ಇಲಿ ಮಾತ್ರ ಹೆಚ್ಚುತ್ತದೆ.

ಗಂಟುಗಂಟಾಗಿ ಏಳುವ ಇನ್ನೊಂದು ರೋಗ

ಬೆಕ್ಕಿನಿಂದ ಬರುವ ಮತ್ತೊಂದು ಶಿಲೀಂಧ್ರ ರೋಗ ಸ್ಪೊರೋಟ್ರೈಕೋಸಿಸ್. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ 1998ರಿಂದೀಚೆಗೆ ಬೆಕ್ಕಿನ ಪರಚು, ಕಡಿತಗಳ ಮೂಲಕ ಸಾವಿರಾರು ಜನರಿಗೆ ಇದು ಹರಡಿತು. ನಮ್ಮಲ್ಲಿ ಇದು ಹೆಚ್ಚಾಗಿ ಹಿಮಾಲಯದ ತಪ್ಪಲಿನಲ್ಲಿ ಕಾಣುತ್ತದೆ, ಅದೂ ಸಾಮಾನ್ಯವಾಗಿ ಮುಳ್ಳು, ಸಿಬಿರು ಚುಚ್ಚಿದ ಗಾಯದಿಂದ. ಗಾಯವಾದ ಜಾಗದಲ್ಲಿ ಒಂದು ಗಂಟು ಎದ್ದು ಹುಣ್ಣಾಗುತ್ತದೆ, ಅಲ್ಲಿಂದ ತೋಳಿನುದ್ದಕ್ಕೂ ಮಣಿಸರದಂತೆ ಗಂಟುಗಳು ಏಳುತ್ತವೆ. ಇದಕ್ಕೆ ಪೊಟ್ಯಾಷ್ ಪರೀಕ್ಷೆ ಸಾಲದು. ಕೀವು ಅಥವಾ ಚರ್ಮದ ತುಣುಕಿನ ಕಲ್ಚರ್ ಆಗಬೇಕು. ತೋಟದ ಕೆಲಸದವರು ವಾರಗಟ್ಟಲೆ ಮಾಯದ ಇಂಥ ಹುಣ್ಣನ್ನು ಅಲಕ್ಷಿಸಬಾರದು.

ಪತ್ತೆಯಾದ ಮೇಲೆ

ಮೈಮೇಲಿನ ಒಂದೆರಡು ಕಲೆಗಳಿಗೆ ಸ್ಟಿರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮು ಸಾಕಾಗಬಹುದು. ಕಲೆ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ದಿನ, ಅಂಚಿನಾಚೆಗೂ ಸ್ವಲ್ಪ ಸೇರಿಸಿ ಹಚ್ಚಬೇಕು. ತಲೆಯ ರೋಗಕ್ಕೆ ಮುಲಾಮು ಸಾಲದು, ಏಕೆಂದರೆ ಅದು ಕೂದಲಿನ ಬೇರಿಗೆ ಇಳಿಯುವುದಿಲ್ಲ. ವಾರಗಟ್ಟಲೆ ಮಾತ್ರೆ ಬೇಕು. 1958ರ ಹೊತ್ತಿಗೆ ಚಿಕಿತ್ಸೆಗೆ ಬಂದ ಗ್ರಿಸಿಯೋಫುಲ್ವಿನ್ ಮೈಕ್ರೋಸ್ಪೋರಂ ಜಾತಿಗೆ ಇಂದಿಗೂ ಒಳ್ಳೆಯ ಮದ್ದು. ಹಾಲು, ತುಪ್ಪದ ಊಟದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಟ್ರೈಕೋಫೈಟಾನ್ ಆದರೆ ವೈದ್ಯರು ಬೇರೆ ಮಾತ್ರೆ ಆರಿಸಬಹುದು. ಜಾತಿ ತಿಳಿದಿದ್ದರೆ ಅನುಕೂಲ ಎಂದದ್ದು ಇದಕ್ಕೇ.

ಬೆಕ್ಕಿಗೆ ಪಶುವೈದ್ಯರೇ ಚಿಕಿತ್ಸೆ ಮಾಡಲಿ. ಫಿನಾಯಿಲ್, ಸೀಮೆಎಣ್ಣೆ, ಕರಟದ ಎಣ್ಣೆ ಬಳಿಯಬೇಡಿ. ಬೆಕ್ಕು ಮೈಯನ್ನೆಲ್ಲ ನೆಕ್ಕುತ್ತದೆ, ಫೀನಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದರ ಯಕೃತ್ತಿಗೆ ತೀರಾ ಕಡಿಮೆ, ಅದರಿಂದ ಸಾಯಲೂಬಹುದು. ಮನುಷ್ಯರ ಮಾತ್ರೆಯನ್ನೂ ಅಂದಾಜಿನ ಮೇಲೆ ಕೊಡಬೇಡಿ. ಚಿಕಿತ್ಸೆ ಮುಗಿಯುವವರೆಗೆ ಅದನ್ನು ತೊಳೆಯಲು ಸುಲಭವಾದ ಒಂದೇ ಕಡೆ ಇಟ್ಟು, ಒಬ್ಬ ದೊಡ್ಡವರು ಮಾತ್ರ ನೋಡಿಕೊಂಡು, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆದುಕೊಳ್ಳಲಿ.

ಮನೆ ಶುಚಿ ಮಾಡುವುದು ಚಿಕಿತ್ಸೆಯ ಅರ್ಧ ಭಾಗ. ಬೆಕ್ಕು ಮಲಗುತ್ತಿದ್ದ ಗೋಣಿಚೀಲಗಳನ್ನು ಸುಟ್ಟುಬಿಡಿ. ಕಂಬಳಿ, ಹೊದಿಕೆಗಳನ್ನು ಎರಡು ಸಲ ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಉದುರಿದ ಕೂದಲನ್ನು ಒಣಗುಡಿಸಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಆಮೇಲೆ ಸಿಮೆಂಟು ನೆಲವನ್ನು ಸಾಬೂನು ನೀರಿನಿಂದ ತೊಳೆದು, ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣದ ಒಂದು ಪಾಲಿಗೆ ಸುಮಾರು 30 ಪಾಲು ನೀರು ಬೆರೆಸಿ 10 ನಿಮಿಷ ಹಾಗೇ ಬಿಡಿ. ಬ್ಲೀಚ್ ಜೊತೆ ಆಸಿಡ್ ಅಥವಾ ಫಿನಾಯಿಲ್ ಬೆರೆಸಬಾರದು. ಬೆಕ್ಕಿನ ಮೈಗೂ ಕೊಬ್ಬರಿಯ ರಾಶಿಗೂ ಅದು ತಾಗಬಾರದು. ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಟವೆಲ್, ಬೇರೆ ಬಾಚಣಿಗೆ ಇರಲಿ.

ಹುಳುಕಡ್ಡಿ ಜೀವ ತೆಗೆಯುವ ರೋಗವಲ್ಲ, ಗಾಬರಿಪಡಬೇಕಾಗಿಲ್ಲ. ಆದರೆ ಮಗುವಿನ ತಲೆಯಲ್ಲಿ ಹೊಟ್ಟು ಕಂಡು ಕೂದಲು ಮುರಿಯುತ್ತಿದ್ದರೆ, ಕೀವುಗಡ್ಡೆ ಎದ್ದಿದ್ದರೆ, ಕಲೆಯಲ್ಲಿ ಸ್ಪರ್ಶಜ್ಞಾನವಿಲ್ಲದಿದ್ದರೆ ನಾಳೆಗೆ ಮುಂದೂಡಬೇಡಿ. ಉಳಿದ ಸಂದರ್ಭಗಳಲ್ಲೂ ವೈದ್ಯರು ಚೀಟಿ ಬರೆಯುವ ಮೊದಲು ‘ಒಂದು ಸಲ ಕೆರೆದು ಪರೀಕ್ಷೆ ಮಾಡಬಹುದೇ ಡಾಕ್ಟ್ರೇ?’ ಎಂದು ಕೇಳಿ. ಅದು ಅಧಿಕಪ್ರಸಂಗವಲ್ಲ, ನಿಮ್ಮ ಹಕ್ಕು. ಆ ಒಂದು ಹನಿ ಪೊಟ್ಯಾಷ್ ದ್ರಾವಣ ಮಗುವಿನ ಕೂದಲನ್ನೂ ಉಳಿಸೀತು, ತಪ್ಪು ಮಾಡದ ಬೆಕ್ಕಿನ ಮನೆಯನ್ನೂ ಉಳಿಸೀತು.